ಪ್ರಾಜೆಕ್ಟ್‌ನ ಪರಿಸರದೊಳಗೆ ಕಮಾಂಡ್ ನಡೆಸುವುದು: ವೆನ್ವ್, ಪಿಪ್‌ಎನ್ವ್, ಪೊಯೆಟ್ರಿ ಮತ್ತು ಯುವಿ

ಪೈಥಾನ್‌ನ ಪ್ರತಿಯೊಂದು ಪ್ರಾಜೆಕ್ಟ್‌ಗೂ ಅದರದೇ ಲೈಬ್ರರಿಗಳ ಪ್ರತ್ಯೇಕ ಪರಿಸರ ಇರಬೇಕು ಎಂಬುದರಲ್ಲಿ ಈಗ ಯಾರಿಗೂ ತಕರಾರಿಲ್ಲ. 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12ರಲ್ಲಿ ಸಿಸ್ಟಮ್‌ನ ಪೈಥಾನ್‌ಗೆ ನೇರವಾಗಿ ಲೈಬ್ರರಿ ಹಾಕಲು ಹೋದರೆ, ಆ ಕೆಲಸ ಮಾಡುವ ಸಾಧನವಾದ ಪಿಪ್ ಅದನ್ನು ನಿರಾಕರಿಸುತ್ತದೆ. ಅಭಿಪ್ರಾಯಭೇದ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ: ಪರಿಸರ ಸಿದ್ಧವಾದ ಮೇಲೆ ಅದರೊಳಗೆ ಒಂದು ಪರೀಕ್ಷೆಯನ್ನೋ ಸರ್ವರನ್ನೋ ಸ್ಕ್ರಿಪ್ಟನ್ನೋ ನಡೆಸುವುದು ಯಾವ ಕಮಾಂಡಿನಿಂದ? ವೆನ್ವ್, ಪಿಪ್‌ಎನ್ವ್, ಪೊಯೆಟ್ರಿ ಮತ್ತು ಯುವಿ ಎಂಬ ನಾಲ್ಕು ದಾರಿಗಳನ್ನು ನಾನು ಒಂದೇ ಪ್ರಾಜೆಕ್ಟ್‌ನ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ಹಳೆಯ ನುಡಿ ಎನ್‌ಕೋಡಿಂಗ್‌ನಲ್ಲಿರುವ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಒಂದು ಸಣ್ಣ ಸಾಧನ, ಅದಕ್ಕೆ ಫ್ಲಾಸ್ಕ್ ಎಂಬ ವೆಬ್ ಲೈಬ್ರರಿಯಲ್ಲಿ ಬರೆದ ಒಂದು ಪುಟ, ಪೈಟೆಸ್ಟ್ ಎಂಬ ಸಾಧನದಿಂದ ನಡೆಯುವ ಪರೀಕ್ಷೆಗಳು, ಇಷ್ಟೇ ಅದರ ಗಾತ್ರ. ಪ್ರಯೋಗ ನಡೆದದ್ದು ಲಿನಕ್ಸ್‌ನಲ್ಲಿ.

ಈ ಸಾಧನಗಳನ್ನು ಹೋಲಿಸುವವರು ಸಾಮಾನ್ಯವಾಗಿ ವೇಗವನ್ನು ಮೊದಲು ನೋಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ: ಕಮಾಂಡ್ ನಡೆಸುವ ಮುನ್ನ ಪರಿಸರವು ಲಾಕ್ ಕಡತಕ್ಕೆ (ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕೆಂದು ನಿಖರವಾಗಿ ದಾಖಲಿಸಿದ ಕಡತಕ್ಕೆ) ತಕ್ಕಂತೆ ಇದೆಯೇ ಎಂದು ಸಾಧನವು ಪರಿಶೀಲಿಸುತ್ತದೆಯೇ, ಇಲ್ಲವೇ? ನಾಲ್ಕರಲ್ಲಿ ಒಂದು ಮಾತ್ರ ಪರಿಶೀಲಿಸುತ್ತದೆ, ಮತ್ತು ಆ ಗುಣವೇ ಒಂದು ಕಡೆ ವರವಾಗಿ ಇನ್ನೊಂದು ಕಡೆ ತೊಡಕಾಗಿ ಪರಿಣಮಿಸುತ್ತದೆ.

ಎಲ್ಲಕ್ಕೂ ತಳಹದಿಯಾದ ವೆನ್ವ್‌ನಿಂದ ಆರಂಭಿಸುತ್ತೇನೆ. 2012ರಲ್ಲಿ ಬಂದ ಪೈಥಾನ್ 3.3ರಿಂದ ಇದು ಭಾಷೆಯ ಜೊತೆಗೇ ಸಿಗುತ್ತದೆ. ಪರಿಸರವನ್ನು ಆಕ್ಟಿವೇಟ್ ಮಾಡುವುದೆಂದರೆ ಏನೋ ಗಹನವಾದ ಕ್ರಿಯೆ ಎಂದು ಹೊಸಬರು ಭಾವಿಸುವುದುಂಟು. ವಾಸ್ತವವಾಗಿ ಆ ಸ್ಕ್ರಿಪ್ಟ್ ಮಾಡುವ ಮುಖ್ಯ ಕೆಲಸ, ಕಮಾಂಡ್‌ಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕೆಂದು ಹೇಳುವ ಶೆಲ್‌ನ ಪಾತ್ ಚರಾಂಶದ ಮೊದಲಿಗೆ ಪರಿಸರದ ಬಿನ್ ಫೋಲ್ಡರನ್ನು ಸೇರಿಸುವುದು ಮತ್ತು ವರ್ಚುವಲ್ ಎನ್ವ್ ಎಂಬ ಚರಾಂಶದಲ್ಲಿ ಪರಿಸರದ ವಿಳಾಸವನ್ನು ಇಡುವುದು. ಪರಿಸರದೊಳಗಿನ ಪೈಥಾನ್ ತನ್ನ ಲೈಬ್ರರಿಗಳು ಎಲ್ಲಿವೆ ಎಂಬುದನ್ನು ಪಕ್ಕದಲ್ಲಿರುವ ಒಂದು ಸಣ್ಣ ಸಂರಚನಾ ಕಡತದಿಂದ ತಿಳಿದುಕೊಳ್ಳುವುದರಿಂದ, ಆಕ್ಟಿವೇಟ್ ಮಾಡದೆಯೇ ಅದರ ಪೂರ್ಣ ಪಾತ್ ಬರೆದು ನೇರವಾಗಿ ನಡೆಸಿದರೂ ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತದೆ. ನಿಗದಿತ ಸಮಯಕ್ಕೆ ಕಮಾಂಡ್ ನಡೆಸುವ ಕ್ರಾನ್‌ಗೆ ನಾನು ಇಂದಿಗೂ ಇದನ್ನೇ ಬಳಸುತ್ತೇನೆ. ಕ್ರಾನ್ ಸಾಮಾನ್ಯವಾಗಿ ಬ್ಯಾಶ್ ಬದಲು ಎಸ್‌ಎಚ್ ಶೆಲ್‌ನಲ್ಲಿ ಕಮಾಂಡ್ ನಡೆಸುತ್ತದೆ. ಡೆಬಿಯನ್‌ನಲ್ಲಿ ಅದು ಡ್ಯಾಶ್ ಆಗಿರುವುದರಿಂದ ಸೋರ್ಸ್ ಎಂಬ ಕಮಾಂಡೇ ಅಲ್ಲಿರುವುದಿಲ್ಲ. ಪೂರ್ಣ ಪಾತ್‌ಗೆ ಇಂಥ ಯಾವ ಹಂಗೂ ಇಲ್ಲ.

ಆಕ್ಟಿವೇಟ್ ಮಾಡುವ ರೂಢಿಯ ದೌರ್ಬಲ್ಯ ಕಾಣುವುದು ದಿನಕ್ಕೆ ಮೂರ್ನಾಲ್ಕು ಪ್ರಾಜೆಕ್ಟ್‌ಗಳ ನಡುವೆ ಓಡಾಡುವವರಿಗೆ. ಫೋಲ್ಡರ್ ಬದಲಾಯಿಸಿದರೂ ಟರ್ಮಿನಲ್ ಹಿಂದಿನ ಪರಿಸರವನ್ನೇ ಹಿಡಿದುಕೊಂಡಿರುತ್ತದೆ. ಇಂಥ ಸ್ಥಿತಿಯಲ್ಲಿ ಉಳಿದ ಮೂರು ಸಾಧನಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ನಾನು ಬೇಕೆಂದೇ ಪರೀಕ್ಷಿಸಿದೆ, ಮತ್ತು ವ್ಯತ್ಯಾಸ ಎದ್ದು ಕಂಡದ್ದು ಇಲ್ಲಿಯೇ. ಬೇರೊಂದು ಪ್ರಾಜೆಕ್ಟ್‌ನ ಪರಿಸರ ಸಕ್ರಿಯವಾಗಿರುವಾಗ ಪೊಯೆಟ್ರಿ ರನ್ ಎಂದರೆ, ಪೊಯೆಟ್ರಿ ಆ ಸಕ್ರಿಯ ಪರಿಸರವನ್ನೇ ತನ್ನದೆಂದು ಒಪ್ಪಿಕೊಂಡು ಅದರಲ್ಲೇ ಕಮಾಂಡ್ ನಡೆಸುತ್ತದೆ. ಪಿಪ್‌ಎನ್ವ್ ಕೂಡ ಹಾಗೆಯೇ ಮಾಡುತ್ತದೆ, ಆದರೆ ಹಾಗೆ ಮಾಡುತ್ತಿರುವುದಾಗಿ ಒಂದು ಸೂಚನೆಯನ್ನಾದರೂ ಮುದ್ರಿಸುತ್ತದೆ. ಯುವಿ ಮಾತ್ರ ಸಕ್ರಿಯ ಪರಿಸರವು ಈ ಪ್ರಾಜೆಕ್ಟ್‌ನದಲ್ಲ ಎಂದು ಎಚ್ಚರಿಸಿ, ಅದನ್ನು ಬದಿಗಿಟ್ಟು, ಪ್ರಾಜೆಕ್ಟ್‌ನ ಸ್ವಂತ ಪರಿಸರದಲ್ಲಿ ನಡೆಸುತ್ತದೆ. ಸಕ್ರಿಯ ಪರಿಸರವೇ ಬೇಕೆನ್ನುವವರು ಆಕ್ಟಿವ್ ಎಂಬ ಆಯ್ಕೆಯನ್ನು ಸ್ಪಷ್ಟವಾಗಿ ಕೊಡಬೇಕು. ಈ ವಿಷಯದಲ್ಲಿ ಯುವಿಯ ನಿಲುವೇ ಸರಿ ಎಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ಪ್ರಾಜೆಕ್ಟ್‌ನ ಫೋಲ್ಡರಿನಲ್ಲಿ ನಿಂತು ರನ್ ಎಂದವನು ಕೇಳುತ್ತಿರುವುದು ಆ ಪ್ರಾಜೆಕ್ಟ್‌ನ ಪರಿಸರವನ್ನೇ.

ಇನ್ನೊಂದು ಅಪಾಯ ಎಲ್ಲಕ್ಕೂ ಸಮಾನವಾದದ್ದು. ಈ ರನ್ ಕಮಾಂಡ್‌ಗಳೆಲ್ಲ ಕೊನೆಗೆ ಮಾಡುವುದು ಪಾತ್‌ನ ಮೊದಲಿಗೆ ಪರಿಸರವನ್ನು ಸೇರಿಸುವ ಕೆಲಸವನ್ನೇ ಆದ್ದರಿಂದ, ಕೇಳಿದ ಕಮಾಂಡ್ ಪರಿಸರದಲ್ಲಿ ಇಲ್ಲದಿದ್ದರೆ ಹುಡುಕಾಟ ಮುಂದುವರಿದು ಸಿಸ್ಟಮ್‌ನಲ್ಲಿರುವ ಅದೇ ಹೆಸರಿನ ಕಮಾಂಡ್ ನಡೆದುಬಿಡುತ್ತದೆ. ಪ್ರಾಜೆಕ್ಟ್‌ಗೆ ಪೈಟೆಸ್ಟ್ ಸೇರಿಸದೆ, ಸಿಸ್ಟಮ್‌ನಲ್ಲಿ ಮಾತ್ರ ಪೈಟೆಸ್ಟ್ ಇರುವ ಯಂತ್ರದಲ್ಲಿ ನಡೆಸಿದಾಗ ಪರೀಕ್ಷೆಗಳು ಆರಂಭವಾದವು, ಆದರೆ ಫ್ಲಾಸ್ಕ್ ಸಿಗುತ್ತಿಲ್ಲ ಎಂಬ ದೋಷ ಬಂತು. ಫ್ಲಾಸ್ಕ್ ಪರಿಸರದಲ್ಲೇ ಇದೆಯಲ್ಲ ಎಂದು ತಲೆ ಕೆಡಿಸಿಕೊಳ್ಳುವಂತೆ ಮಾಡುವ ದೋಷವಿದು. ಪೈಟೆಸ್ಟ್ ಎಂದು ನೇರವಾಗಿ ಕರೆಯುವ ಬದಲು ಪೈಥಾನ್‌ಗೆ ಎಂ (-m) ಆಯ್ಕೆ ಕೊಟ್ಟು ಮಾಡ್ಯೂಲ್ ಆಗಿ ಕರೆದರೆ, ನಡೆಯುವ ಪೈಥಾನ್ ಖಚಿತವಾಗಿ ಪರಿಸರದ್ದೇ ಆಗಿರುವುದರಿಂದ, ಆ ಪರಿಸರದಲ್ಲಿ ಪೈಟೆಸ್ಟ್ ಇಲ್ಲ ಎಂಬ ನಿಜವಾದ ಕಾರಣವೇ ತೆರೆಯ ಮೇಲೆ ಬರುತ್ತದೆ. ಯಾವ ಸಾಧನವನ್ನು ಆರಿಸಿಕೊಂಡರೂ ಈ ಅಭ್ಯಾಸ ಒಳ್ಳೆಯದು.

ಪಿಪ್‌ಎನ್ವ್ 2017ರಲ್ಲಿ ಬಂದಾಗ ಪಿಪ್ ಮತ್ತು ಪರಿಸರ ಕಟ್ಟುವ ವರ್ಚುವಲ್ಎನ್ವ್‌ಗಳನ್ನು ಒಂದೇ ಸಾಧನವಾಗಿ ಜೋಡಿಸಿ ಲಾಕ್ ಕಡತದ ರೂಢಿಯನ್ನು ಅನೇಕರಿಗೆ ಪರಿಚಯಿಸಿತು. ಕಮಾಂಡ್ ನಡೆಸುವ ವಿಷಯದಲ್ಲಿ ಅದರ ಎರಡು ವೈಶಿಷ್ಟ್ಯಗಳು ಉಳಿದವುಗಳಿಗಿಂತ ಭಿನ್ನ. ಅದರ ಸಂರಚನಾ ಕಡತವಾದ ಪಿಪ್‌ಫೈಲ್‌ನಲ್ಲಿ ಸ್ಕ್ರಿಪ್ಟ್ಸ್ ಎಂಬ ವಿಭಾಗ ಬರೆದು ಉದ್ದನೆಯ ಕಮಾಂಡ್‌ಗಳಿಗೆ ಚಿಕ್ಕ ಹೆಸರು ಕೊಡಬಹುದು. ಪೊಯೆಟ್ರಿಯಲ್ಲೂ ಆ ಹೆಸರಿನ ವಿಭಾಗವಿದ್ದರೂ ಅಲ್ಲಿ ಬರೆಯಬೇಕಾದದ್ದು ಪ್ಯಾಕೇಜ್‌ನೊಳಗಿನ ಒಂದು ಫಂಕ್ಷನ್‌ನ ವಿಳಾಸವನ್ನು, ಶೆಲ್ ಕಮಾಂಡನ್ನಲ್ಲ. ಎರಡನೆಯದಾಗಿ, ಪ್ರಾಜೆಕ್ಟ್‌ನಲ್ಲಿ ಡಾಟ್ ಎನ್ವ್ ಕಡತವಿದ್ದರೆ ಪಿಪ್‌ಎನ್ವ್ ರನ್ ಅದನ್ನು ತಾನಾಗಿಯೇ ಓದಿಕೊಳ್ಳುತ್ತದೆ. ಡೇಟಾಬೇಸ್‌ನ ವಿಳಾಸದಂಥ ವಿವರಗಳು ಕೇಳದೆಯೇ ಪರೀಕ್ಷೆಗಳ ಒಳಕ್ಕೂ ಬರುವುದು ನನಗೆ ಒಪ್ಪಿಗೆಯಾಗಲಿಲ್ಲ. ಯುವಿಯಲ್ಲಿ ಯಾವ ಕಡತ ಬೇಕೆಂದು ಹೆಸರಿಸಿ ಹೇಳಬೇಕು. ಅದು ಹೆಚ್ಚು ಸುರಕ್ಷಿತ.

ಪೊಯೆಟ್ರಿಯನ್ನು ನಾನು ಬಹಳ ಕಾಲ ಮೆಚ್ಚಿ ಬಳಸಿದ್ದೇನೆ, ಪ್ಯಾಕೇಜ್ ಪ್ರಕಟಿಸುವವರಿಗೆ ಇಂದಿಗೂ ಅದು ಗಟ್ಟಿಯಾದ ಸಾಧನ. ಆದರೆ ಅದರ ರನ್ ಕಮಾಂಡ್ ಲಾಕ್ ಕಡತದತ್ತ ತಿರುಗಿಯೂ ನೋಡುವುದಿಲ್ಲ. ಸಹೋದ್ಯೋಗಿಯೊಬ್ಬರು ಹೊಸ ಡಿಪೆಂಡೆನ್ಸಿ (ಪ್ರಾಜೆಕ್ಟ್‌ಗೆ ಬೇಕಾದ ಲೈಬ್ರರಿ) ಸೇರಿಸಿ ಲಾಕ್ ಕಡತವನ್ನು ಗಿಟ್‌ಗೆ ಹಾಕಿದ್ದಾರೆಂದುಕೊಳ್ಳೋಣ. ಅದನ್ನು ಪುಲ್ ಮಾಡಿ ಪೊಯೆಟ್ರಿ ರನ್ ಎಂದರೆ ಹಳೆಯ ಪರಿಸರದಲ್ಲೇ ಕಮಾಂಡ್ ನಡೆಯುತ್ತದೆ. ಲೈಬ್ರರಿಯೇ ಇಲ್ಲದಿದ್ದರೆ ದೋಷ ಬಂದು ವಿಷಯ ತಿಳಿಯುತ್ತದೆ. ಲೈಬ್ರರಿಯ ಹಳೆಯ ಆವೃತ್ತಿ ಇದ್ದರೆ ಪರೀಕ್ಷೆಗಳು ತಪ್ಪು ಆವೃತ್ತಿಯ ಮೇಲೆ ಮೌನವಾಗಿ ಪಾಸಾಗುತ್ತವೆ. ಎರಡನೆಯದೇ ಹೆಚ್ಚು ಕೆಟ್ಟದ್ದು. ಇದನ್ನು ತಪ್ಪಿಸಲು ಪ್ರತಿ ಸಲ ಪೊಯೆಟ್ರಿ ಸಿಂಕ್ ನಡೆಸುವ ಶಿಸ್ತು ಬೇಕು. 2025ರ ಜನವರಿಯಲ್ಲಿ ಬಂದ ಆವೃತ್ತಿ 2.0ರಲ್ಲಿ ಪೊಯೆಟ್ರಿ ಶೆಲ್ ಕಮಾಂಡನ್ನು ಮೂಲ ಸಾಧನದಿಂದ ತೆಗೆದು ಪ್ಲಗಿನ್ ಆಗಿಸಿದ್ದಾರೆ ಎಂಬುದನ್ನು ಹಳೆಯ ಪಾಠಗಳನ್ನು ಓದಿ ಕಲಿಯುವವರು ಗಮನಿಸಬೇಕು. ಪೊಯೆಟ್ರಿ ಸ್ವತಃ ಪೈಥಾನ್‌ನಲ್ಲಿ ಬರೆದ ದೊಡ್ಡ ಪ್ರೋಗ್ರಾಮ್ ಆದ್ದರಿಂದ ಕಮಾಂಡ್ ಆರಂಭವಾಗುವ ಮುನ್ನ ಕಣ್ಣಿಗೆ ಕಾಣುವಷ್ಟು ತಡವಾಗುತ್ತದೆ. ನನಗೆ ಅದು ದೊಡ್ಡ ಕುಂದೆನಿಸಿಲ್ಲ.

ರಸ್ಟ್ ಭಾಷೆಯಲ್ಲಿ ಬರೆದ, 2024ರಲ್ಲಿ ಆಸ್ಟ್ರಲ್ ಸಂಸ್ಥೆ ಹೊರತಂದ ಯುವಿ, ಲಾಕ್ ಕಡತವನ್ನು ನೋಡದಿರುವ ಈ ಕೊರತೆಯನ್ನು ನೇರವಾಗಿ ತುಂಬುತ್ತದೆ. ಯುವಿ ರನ್ ಎಂದಾಗ ಮೊದಲು ಪ್ರಾಜೆಕ್ಟ್‌ನ ಡಿಪೆಂಡೆನ್ಸಿಗಳ ಪಟ್ಟಿಯಿರುವ ಪೈಪ್ರಾಜೆಕ್ಟ್ ಕಡತಕ್ಕೂ ಲಾಕ್ ಕಡತಕ್ಕೂ ತಾಳೆ ಇದೆಯೇ ಎಂದು ನೋಡಿ, ಬಳಿಕ ಪರಿಸರವನ್ನು ಲಾಕ್‌ಗೆ ಸರಿಹೊಂದಿಸಿ, ಆಮೇಲಷ್ಟೇ ಕಮಾಂಡ್ ನಡೆಸುತ್ತದೆ. ಪರಿಸರವೇ ಇಲ್ಲದಿದ್ದರೆ ಅದನ್ನು ಕಟ್ಟುತ್ತದೆ. ಬೇಕಾದ ಪೈಥಾನ್ ಆವೃತ್ತಿ ಯಂತ್ರದಲ್ಲಿ ಇಲ್ಲದಿದ್ದರೆ ಅದನ್ನೂ ಇಳಿಸಿಕೊಳ್ಳುತ್ತದೆ. ಗಿಟ್‌ನಿಂದ ಪ್ರಾಜೆಕ್ಟ್ ತೆಗೆದುಕೊಂಡ ಹೊಸ ಸದಸ್ಯರೊಬ್ಬರು ಒಂದೇ ಕಮಾಂಡಿನಲ್ಲಿ ಪರೀಕ್ಷೆಗಳ ಫಲಿತಾಂಶ ನೋಡಬಹುದು. ವಿತ್ ಎಂಬ ಆಯ್ಕೆಯಿಂದ ಆ ಒಂದು ಸಲಕ್ಕೆ ಮಾತ್ರ ಹೆಚ್ಚುವರಿ ಲೈಬ್ರರಿ ಪಡೆದು, ಪ್ರಾಜೆಕ್ಟ್‌ನ ಪರಿಸರವನ್ನು ಮುಟ್ಟದೆ ಪ್ರಯೋಗ ಮಾಡುವುದೂ ಸಾಧ್ಯ. ಐಪೈಥಾನ್‌ನಂಥ ಸಾಧನವನ್ನು ಪ್ರಾಜೆಕ್ಟ್‌ಗೆ ಸೇರಿಸದೆಯೇ ಬಳಸಲು ನನಗಿದು ಬಹಳ ಅನುಕೂಲವಾಗಿದೆ.

ಈ ಉತ್ಸಾಹಕ್ಕೆ ಕೆಲವು ಮಿತಿಗಳಿವೆ. ಪರೀಕ್ಷೆ ನಡೆಸುವ ಕಮಾಂಡ್ ಗಿಟ್‌ನಲ್ಲಿರುವ ಲಾಕ್ ಕಡತವನ್ನು ಬದಲಾಯಿಸಬಹುದು ಎಂಬುದನ್ನು, ಕೋಡ್ ಬದಲಾದಾಗಲೆಲ್ಲ ಪರೀಕ್ಷೆಗಳನ್ನು ತಾನಾಗಿ ನಡೆಸುವ ಸಿಐ ವ್ಯವಸ್ಥೆಯಲ್ಲಿ ಸಹಿಸಲಾಗದು. ಅಲ್ಲಿ ಲಾಕ್ಡ್ ಆಯ್ಕೆ ಕೊಟ್ಟರೆ ತಾಳೆ ತಪ್ಪಿದಾಗ ಯುವಿ ತಿದ್ದಲು ಹೋಗದೆ ದೋಷ ತೋರಿಸಿ ನಿಲ್ಲುತ್ತದೆ. ಬೇರೆ ಪೈಥಾನ್ ಆವೃತ್ತಿಯಲ್ಲಿ ಒಮ್ಮೆ ನೋಡೋಣವೆಂದು ಪೈಥಾನ್ ಆಯ್ಕೆಯಲ್ಲಿ ಬೇರೊಂದು ಸಂಖ್ಯೆ ಕೊಟ್ಟರೆ, ಪ್ರಾಜೆಕ್ಟ್‌ನ ಪರಿಸರವೇ ಆ ಆವೃತ್ತಿಯಲ್ಲಿ ಮರುನಿರ್ಮಾಣವಾಗುತ್ತದೆ. ಅದು ಬೇಡವಾದರೆ ಜೊತೆಗೆ ಐಸೊಲೇಟೆಡ್ ಎಂದೂ ಹೇಳಬೇಕು. ಯುವಿ ರನ್ ಪರಿಸರದಲ್ಲಿರುವ ಹೆಚ್ಚುವರಿ ಲೈಬ್ರರಿಗಳನ್ನು ತಾನಾಗಿ ತೆಗೆದುಹಾಕುವುದೂ ಇಲ್ಲ. ಡಿಪೆಂಡೆನ್ಸಿಯೊಂದನ್ನು ಪಟ್ಟಿಯಿಂದ ಕೈಬಿಟ್ಟ ಮೇಲೂ ಹಳೆಯ ಪರಿಸರದಲ್ಲಿ ಅದನ್ನು ಇಂಪೋರ್ಟ್ ಮಾಡುವ ಕೋಡ್ ನಡೆಯುತ್ತಲೇ ಇರುತ್ತದೆ. ಎಕ್ಸ್ಯಾಕ್ಟ್ ಆಯ್ಕೆ ಅಥವಾ ಪ್ರತ್ಯೇಕವಾದ ಯುವಿ ಸಿಂಕ್ ಮಾತ್ರ ಇದನ್ನು ಸರಿಪಡಿಸುತ್ತದೆ.

ಪ್ರಾಜೆಕ್ಟನ್ನು ಅದಕ್ಕೆ ಬೇಕಾದ ಎಲ್ಲದರ ಜೊತೆ ಇಮೇಜ್ ಎಂಬ ಕಟ್ಟಾಗಿಸಿ ನಡೆಸುವ ಕಂಟೇನರ್‌ನಲ್ಲಿ ನನ್ನ ಆಯ್ಕೆ ತಿರುವುಮುರುವಾಗುತ್ತದೆ. ಇಮೇಜ್ ಕಟ್ಟುವಾಗ ಡೆವಲಪ್‌ಮೆಂಟ್ ಗುಂಪಿನ ಲೈಬ್ರರಿಗಳನ್ನು ಬಿಟ್ಟು ಸಿಂಕ್ ಮಾಡಿ, ಕೊನೆಯ ಸಾಲಿನಲ್ಲಿ ಬರಿಯ ಯುವಿ ರನ್ ಬರೆದರೆ, ಆ ಕಮಾಂಡ್ ಡೆವಲಪ್‌ಮೆಂಟ್ ಗುಂಪನ್ನು ಮೂಲಸ್ಥಿತಿಯಲ್ಲೇ ಸೇರಿಸಿಕೊಳ್ಳುವುದರಿಂದ, ಕಂಟೇನರ್ ಏಳುವಾಗ ಪೈಟೆಸ್ಟ್ ಮುಂತಾದವನ್ನು ಇಳಿಸಿಕೊಳ್ಳಲು ಹೊರಡುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಅಲ್ಲೇ ಸೋಲುತ್ತದೆ. ನೋ ಸಿಂಕ್ ಆಯ್ಕೆ ಇದನ್ನು ತಡೆಯುತ್ತದೆ. ಇನ್ನೂ ಒಂದು ಭೇದವಿದೆ: ಲಿನಕ್ಸ್‌ನಲ್ಲಿ ಪೊಯೆಟ್ರಿ ಮತ್ತು ಪಿಪ್‌ಎನ್ವ್ ತಮ್ಮ ಜಾಗವನ್ನು ನಡೆಸಬೇಕಾದ ಕಮಾಂಡಿಗೇ ಬಿಟ್ಟುಕೊಟ್ಟು ಮರೆಯಾದರೆ, ಯುವಿ ತಾನು ಉಳಿದುಕೊಂಡು ಕಮಾಂಡನ್ನು ತನ್ನ ಕೆಳಗಿನ ಚೈಲ್ಡ್ ಪ್ರೊಸೆಸ್ ಆಗಿ ನಡೆಸುತ್ತದೆ ಮತ್ತು ನಿಲ್ಲು ಎನ್ನುವಂಥ ಬಹುತೇಕ ಸಿಗ್ನಲ್‌ಗಳನ್ನು ಅದಕ್ಕೆ ದಾಟಿಸುತ್ತದೆ. ದಾಟಿಸುವ ಈ ಕೆಲಸ ನನ್ನ ಪ್ರಯೋಗದಲ್ಲಿ ಸರಿಯಾಗಿಯೇ ನಡೆಯಿತು. ಆದರೂ ಪರಿಸರ ಇಮೇಜ್‌ನಲ್ಲಿ ಆಗಲೇ ಸಿದ್ಧವಾಗಿರುವಾಗ ಮಧ್ಯವರ್ತಿಯ ಅಗತ್ಯವೇ ಇಲ್ಲವಾದ್ದರಿಂದ, ಇಮೇಜ್‌ನ ಕೊನೆಯ ಸಾಲಿನಲ್ಲಿ ನಾನು ಬರೆಯುವುದು ಪರಿಸರದೊಳಗಿನ ಪೈಥಾನ್‌ನ ಪೂರ್ಣ ಪಾತ್ ಅನ್ನು, ಯುವಿಯನ್ನು ಇಮೇಜ್ ಕಟ್ಟುವ ಹಂತಕ್ಕಷ್ಟೇ ಬಳಸುತ್ತೇನೆ.