ಒದೆತ ಕಡಿಮೆ, ಕೆಲಸ ಸಾಕಷ್ಟು: ಜಿಂಕೆ ಬೇಟೆಗೆ .243 ವಿಂಚೆಸ್ಟರ್ ತೋಟೆ

ಜಿಂಕೆಯ ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ನಾಡಿನಲ್ಲಿ, ಮೈಕಟ್ಟು ಸಣ್ಣದಾಗಿರುವವರಿಗೋ ಕೋವಿಯ ಒದೆತಕ್ಕೆ ಅಂಜುವವರಿಗೋ ರೈಫಲಿನ ತೋಟೆಯೊಂದನ್ನು ಸೂಚಿಸಬೇಕಾಗಿ ಬಂದರೆ ನಾನು .243 ವಿಂಚೆಸ್ಟರನ್ನೇ ಮೊದಲು ಹೆಸರಿಸುತ್ತೇನೆ. ಅದಕ್ಕೆ ಎರಡು ಷರತ್ತುಗಳಿವೆ. ಗುಂಡು ಜಿಂಕೆಯಂಥ ಪ್ರಾಣಿಗೆಂದೇ ತಯಾರಾದದ್ದಾಗಿರಬೇಕು ಮತ್ತು ಅದನ್ನು ಹಾರಿಸುವ ರೈಫಲ್ ತೀರಾ ಹಗುರವಾಗಿರಬಾರದು. ಈ ಎರಡರಲ್ಲಿ ಯಾವುದನ್ನು ಮರೆತರೂ ಈ ತೋಟೆಯ ಒಳ್ಳೆಯ ಹೆಸರು ಕೊಂಡವರ ಪಾಲಿಗೆ ನಿಜವಾಗುವುದಿಲ್ಲ.

ನಮ್ಮ ಕಾಸರಗೋಡಿನ ಓದುಗರಿಗೆ ಇಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿರುವ ನಮ್ಮ ದೇಶದಲ್ಲಿ ಜಿಂಕೆ, ಕಡವೆ, ಬರ್ಕಗಳಿಗೆ ಗುಂಡು ಹಾರಿಸುವುದು ಅಪರಾಧ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಕೃಷಿಕರಲ್ಲಿ ಕೆಲವರ ಬಳಿ ಪರವಾನಗಿಯ ಕೋವಿಗಳಿರುವುದು ಬೆಳೆ ರಕ್ಷಣೆಗಾಗಿ. 2022ರಲ್ಲಿ ಕೇರಳ ಸರಕಾರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಅಧಿಕಾರ ಕೊಟ್ಟ ಮೇಲೆ, ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಅವರ ಆದೇಶದ ಮೇರೆಗೆ ಪರವಾನಗಿದಾರರು ಹೊಡೆಯಬಹುದಾಗಿದೆ. ಆ ಕೋವಿಗಳಲ್ಲಿ ಹೆಚ್ಚಿನವು ಹನ್ನೆರಡು ಬೋರಿನ ಜೋಡುನಳಿಗೆಗಳು. ಅಡಿಕೆ ತೋಟದ ಕತ್ತಲಲ್ಲಿ, ಮೂವತ್ತು ನಲವತ್ತು ಹೆಜ್ಜೆಯ ಒಳಗೆ ಎದುರಾಗುವ ಹಂದಿಗೆ ಅವು ತಕ್ಕವೇ ಹೊರತು ಇಲ್ಲಿ ಚರ್ಚಿಸುವ ರೈಫಲ್ ತೋಟೆಗೆ ನಮ್ಮ ತೋಟಗಳಲ್ಲಿ ಕೆಲಸವಿಲ್ಲ. ಎರಡು ಕಿಲೋಮೀಟರಿಗೂ ಮೀರಿ ಹೋಗಬಲ್ಲ ಗುಂಡನ್ನು ಮನೆಗಳು ಒತ್ತೊತ್ತಾಗಿರುವ ನಮ್ಮ ಗುಡ್ಡದ ಬದಿಗಳಲ್ಲಿ ಹಾರಿಸುವ ಯೋಚನೆಯೇ ಅಪಾಯಕರ.

ಹಾಗಿದ್ದರೂ ಈ ಬರಹಕ್ಕೆ ಕಾರಣವಿದೆ. ನಮ್ಮ ಕಡೆಯ ಎಷ್ಟೋ ಕುಟುಂಬಗಳ ಮಕ್ಕಳು ಅಮೆರಿಕ, ಕೆನಡಾ, ನ್ಯೂಜಿಲೆಂಡಿನಲ್ಲಿ ನೆಲೆಸಿದ್ದಾರೆ. ಅಲ್ಲಿ ಜಿಂಕೆಯ ಬೇಟೆ ಇಷ್ಟಿಷ್ಟು ಎಂದು ಸರಕಾರವೇ ಲೆಕ್ಕವಿಟ್ಟು ಪರವಾನಗಿ ಕೊಡುವ ವ್ಯವಹಾರ. ಕೊಲೊರಾಡೊದಲ್ಲಿರುವ ನನ್ನ ಮಗಳು ಮತ್ತು ಅಳಿಯ ಅಲ್ಲಿನ ಪೌರರಾದ ಮೇಲೆ ಇದಕ್ಕೆ ಮನಸ್ಸು ಮಾಡಿ, ಊರಿನಲ್ಲಿ ಕೋವಿ ಬಲ್ಲವನೆಂದು ನನ್ನ ಸಲಹೆ ಕೇಳಿದರು. ಅವರ ಮನೆಗೆ ಹೋಗಿದ್ದಾಗ ರೈಫಲನ್ನು ನಾನೇ ಭುಜಕ್ಕಿಟ್ಟು ನೋಡುವ ಅವಕಾಶವೂ ಒದಗಿತು. ಮಕ್ಕಳ ಮನೆಗೆ ಪ್ರವಾಸಿ ವೀಸಾದಲ್ಲಿ ಹೋಗುವ ಹಿರಿಯರು ಒಂದು ವಿಷಯವನ್ನು ತಿಳಿದಿರಬೇಕು: ಅಂಥವರು ಅಲ್ಲಿ ಬಂದೂಕು ಹಿಡಿಯುವುದು ಅಲ್ಲಿನ ಕೇಂದ್ರ ಕಾನೂನಿಗೆ ವಿರುದ್ಧ, ಯಾವುದಾದರೊಂದು ರಾಜ್ಯದ ಬೇಟೆ ಪರವಾನಗಿ ಇದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಅಳಿಯನ ರೈಫಲ್ ತಾನೇ ಎಂದು ಶೂಟಿಂಗ್ ರೇಂಜಿನಲ್ಲಿ ಕೈಗೆತ್ತಿಕೊಳ್ಳುವಂತಿಲ್ಲ. ನಾನು ಸುರಕ್ಷತಾ ತರಗತಿಗೆ ಕುಳಿತು, ಸಣ್ಣ ಪ್ರಾಣಿಗಳ ಬೇಟೆಯ ಪರವಾನಗಿ ಪಡೆದ ಬಳಿಕವೇ ಅದನ್ನು ಮುಟ್ಟಿದೆ. ಆ ತರಗತಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ನಮ್ಮಲ್ಲಿ ಕೋವಿಯ ಪರವಾನಗಿ ಕೊಡುವ ಮೊದಲೂ ಅಂಥದ್ದೊಂದು ಇರಬೇಕಿತ್ತು ಅನ್ನಿಸಿತು.

ಇನ್ನು ತೋಟೆಯ ವಿಚಾರ. ವಿಂಚೆಸ್ಟರ್ ಕಂಪೆನಿ ಇದನ್ನು 1955ರಲ್ಲಿ ಮಾರುಕಟ್ಟೆಗೆ ತಂದಿತು. 1952ರಲ್ಲಿ ಬಂದಿದ್ದ .308 ತೋಟೆಯ ಹಿತ್ತಾಳೆಯ ಚಿಪ್ಪನ್ನೇ ತೆಗೆದುಕೊಂಡು, ಅದರ ಕುತ್ತಿಗೆಯನ್ನು ಕಿರಿದುಮಾಡಿ, .243 ಅಂಗುಲ ಅಡ್ಡಳತೆಯ, ಅಂದರೆ ಆರು ಮಿಲಿಮೀಟರಿಗೆ ತುಸು ಮಿಕ್ಕಿದ ಗುಂಡನ್ನು ಕೂರಿಸಿದರು. ಜಿಂಕೆಗೆ ಬಳಸುವ ಸಾಮಾನ್ಯ ಗುಂಡಿನ ತೂಕ 100 ಗ್ರೇನ್, ಅಂದರೆ ಆರೂವರೆ ಗ್ರಾಂ. ಗ್ರೇನಿನ ಲೆಕ್ಕ ತಲೆಗೆ ಹತ್ತದವರು, ಹಳೆಯ ಅಕ್ಕಸಾಲಿಗರ ಒಂದು ಗುಲಗಂಜಿ ತೂಕಕ್ಕೆ ಸರಿಸುಮಾರು ಎರಡು ಗ್ರೇನ್ ಎಂದು ಇಟ್ಟುಕೊಂಡರೆ ಸಾಕು. ಈ ಗುಂಡು ನಳಿಗೆಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿರುತ್ತದೆ. ಆಗ ಅದರಲ್ಲಿರುವ ಶಕ್ತಿ 2,600 ಜೂಲ್‌ಗಳಷ್ಟು. ಇನ್ನೂರು ಗಜ ದಾಟುವಾಗಲೂ 1,800 ಜೂಲ್‌ಗಳ ಆಸುಪಾಸಿನಲ್ಲಿ ಉಳಿದಿರುತ್ತದೆ. ಕೊಲೊರಾಡೊದ ನಿಯಮದಂತೆ ಜಿಂಕೆಗೆ ಬಳಸುವ ರೈಫಲಿನ ನಳಿಗೆಯ ಒಳ ಅಡ್ಡಳತೆ .24 ಅಂಗುಲಕ್ಕಿಂತ ಕಡಿಮೆಯಾಗಿರಬಾರದು, ಗುಂಡು 70 ಗ್ರೇನ್‌ಗಿಂತ ಹಗುರವಾಗಿರಬಾರದು, ನೂರು ಗಜದಲ್ಲಿ ಸುಮಾರು 1,350 ಜೂಲ್ ಶಕ್ತಿಯಾದರೂ ಉಳಿದಿರಬೇಕು. .243 ಈ ಗೆರೆಯ ಮೇಲೆಯೇ ನಿಂತಿರುವ ಅತಿ ಸಣ್ಣ ತೋಟೆಗಳಲ್ಲಿ ಒಂದು, ಜನಪ್ರಿಯ .223 ಈ ಗೆರೆಯ ಕೆಳಗೆ ಬೀಳುತ್ತದೆ. ವರ್ಜೀನಿಯಾದಂಥ ರಾಜ್ಯದಲ್ಲಿಯೂ .23ರ ಕೆಳಗಿನದ್ದಕ್ಕೆ ಜಿಂಕೆಯ ಮೇಲೆ ಅನುಮತಿಯಿಲ್ಲ.

ಒದೆತದ ಲೆಕ್ಕ ಸರಳವಾದದ್ದು. ಗುಂಡು ಮತ್ತು ಉರಿದ ಮದ್ದಿನ ಹೊಗೆ ಎಷ್ಟು ರಭಸದಿಂದ ಮುಂದಕ್ಕೆ ಹೋಗುತ್ತವೆಯೋ ಅಷ್ಟೇ ರಭಸ ಕೋವಿಗೆ ಹಿಮ್ಮುಖವಾಗಿ ಬರುತ್ತದೆ, ಮತ್ತು ಕೋವಿ ಹಗುರವಾದಷ್ಟೂ ಭುಜಕ್ಕೆ ತಾಗುವ ಶಕ್ತಿ ಹೆಚ್ಚುತ್ತದೆ. ದುರ್ಬೀನೂ ಸೇರಿ 3.4 ಕಿಲೋ ತೂಗುವ ರೈಫಲಿನಲ್ಲಿ ಈ ಶಕ್ತಿ .243ಕ್ಕೆ ಸುಮಾರು 12 ಜೂಲ್. ಅದೇ ತೂಕದ ರೈಫಲಿನಲ್ಲಿ 6.5 ಕ್ರೀಡ್‌ಮೋರ್ ಎಂಬ ಇನ್ನೊಂದು ತೋಟೆಗೆ 17, .308ಕ್ಕೆ 21ರಿಂದ 22, ಅಮೆರಿಕದ ಹಳೆಯ ಬೇಟೆಗಾರರ ಮೆಚ್ಚಿನ .30-06ಕ್ಕೆ 180 ಗ್ರೇನ್ ಗುಂಡಿನೊಂದಿಗೆ 29ರಷ್ಟು ಬರುತ್ತದೆ. ನಮ್ಮೂರಿನ ಹನ್ನೆರಡು ಬೋರಿನ ಕೋವಿಯ ಮಾಮೂಲಿ ತೋಟೆ 35 ಜೂಲ್ ಮೀರುತ್ತದೆ ಎಂದರೆ, ಅದನ್ನು ಹಾರಿಸಿ ರೂಢಿಯಿರುವ ಕೃಷಿಕನಿಗೆ .243 ಒದೆಯಿತೆಂದೇ ಅನ್ನಿಸಲಿಕ್ಕಿಲ್ಲ. ನನಗೂ ಅನ್ನಿಸಲಿಲ್ಲ, ಹಿಂದಿನಿಂದ ಯಾರೋ ಭುಜ ಹಿಡಿದು ಕರೆದಷ್ಟೇ ಆಯಿತು.

ಆದರೆ ಒದೆತದಿಂದ ಬರುವ ನೋವಿಗಿಂತ ಅದರ ಅಂಜಿಕೆ ದೊಡ್ಡ ತೊಂದರೆ. ಗಟ್ಟಿಯಾಗಿ ಒದೆಯುವ ಕೋವಿ ಹಿಡಿದವರು ಟ್ರಿಗರ್ ಎಳೆಯುವ ಗಳಿಗೆಯಲ್ಲಿ ತಮಗರಿವಿಲ್ಲದೆ ಕಣ್ಣು ಮುಚ್ಚುತ್ತಾರೆ, ಭುಜವನ್ನು ಮುಂದಕ್ಕೆ ತಳ್ಳುತ್ತಾರೆ, ನಳಿಗೆ ಒಂದು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಗುಂಡು ಎದೆಗೂಡಿಗೆ ಬೀಳುವ ಬದಲು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಗಾಯಗೊಂಡ ಪ್ರಾಣಿ ಕಾಡಿನೊಳಗೆ ಓಡಿ ನರಳಿ ಸಾಯುವುದಕ್ಕಿಂತ ಕೆಟ್ಟದ್ದು ಬೇಟೆಯಲ್ಲಿ ಇನ್ನೊಂದಿಲ್ಲ. ಈ ಬೆಚ್ಚುವಿಕೆಯನ್ನು ಕಂಡುಹಿಡಿಯಲು ಒಂದು ಸುಲಭ ಉಪಾಯವಿದೆ: ತರಬೇತಿಗೆಂದೇ ಸಿಗುವ, ಮದ್ದಿಲ್ಲದ ಡಮ್ಮಿ ತೋಟೆಯೊಂದನ್ನು ಹಾರಿಸುವವರಿಗೆ ತಿಳಿಯದಂತೆ ನಡುವೆ ಸೇರಿಸುವುದು. ಸದ್ದೇ ಬಾರದೆ ನಳಿಗೆಯ ತುದಿ ಮಾತ್ರ ಕುಣಿದರೆ ಸಂಗತಿ ಬಯಲಾಯಿತು. ಅಳಿಯ ಗೆಳೆಯರೊಬ್ಬರಿಂದ ತಂದಿದ್ದ .308ರಲ್ಲಿ ಮಗಳ ನಳಿಗೆ ಹೀಗೆ ಕುಣಿಯಿತು, .243ರಲ್ಲಿ ಅಲುಗಲಿಲ್ಲ. ನನ್ನ ಮಟ್ಟಿಗೆ ಆಯ್ಕೆ ಅಲ್ಲಿಗೇ ತೀರ್ಮಾನವಾಯಿತು. ಆರು ಮಿಲಿಮೀಟರಿನ ಗುಂಡು ಸರಿಯಾದ ಜಾಗಕ್ಕೆ ಬಿದ್ದರೆ ಎಂಟು ಮಿಲಿಮೀಟರಿನದು ತಪ್ಪು ಜಾಗಕ್ಕೆ ಬೀಳುವುದಕ್ಕಿಂತ ಎಷ್ಟೋ ಮೇಲು.

ಗುಂಡಿನ ಆಯ್ಕೆಯಲ್ಲಿ ಮಾತ್ರ ತುಂಬ ಎಚ್ಚರ ಬೇಕು. .243ನ್ನು ಮೊದಲಿನಿಂದಲೂ ಎರಡು ಕೆಲಸಗಳಿಗೆ ಮಾರುತ್ತ ಬಂದಿದ್ದಾರೆ: ಒಂದು ಜಿಂಕೆ, ಇನ್ನೊಂದು ಹೊಲಕ್ಕೆ ಕಾಟ ಕೊಡುವ, ನರಿಯನ್ನು ಹೋಲುವ ಕಯೋಟಿಯಂಥ ಸಣ್ಣ ಪ್ರಾಣಿಗಳು. ಎರಡನೆಯ ಕೆಲಸದ ಗುಂಡುಗಳು 55ರಿಂದ 75 ಗ್ರೇನ್ ತೂಗುತ್ತವೆ, ಅವುಗಳ ತಾಮ್ರದ ಹೊದಿಕೆ ತೆಳು, ತಾಗಿದೊಡನೆ ಪುಡಿಯಾಗಬೇಕೆಂದೇ ಅವನ್ನು ಮಾಡಿರುತ್ತಾರೆ. ಅಂಥ ಗುಂಡು ಜಿಂಕೆಯ ಭುಜದ ಎಲುಬಿಗೆ ಬಿದ್ದರೆ ಮೇಲ್ಮೈಯಲ್ಲೇ ಒಡೆದು ದೊಡ್ಡ ಹುಣ್ಣು ಮಾಡುತ್ತದೆಯೇ ಹೊರತು ಶ್ವಾಸಕೋಶದ ತನಕ ಇಳಿಯುವುದು ಖಚಿತವಿಲ್ಲ. ಅಂಗಡಿಯ ಕಪಾಟಿನಲ್ಲಿ ಎರಡೂ ಬಗೆಯವು ಪಕ್ಕಪಕ್ಕದಲ್ಲೇ, ಒಂದೇ ಹೆಸರಿನ ಪೆಟ್ಟಿಗೆಗಳಲ್ಲಿರುತ್ತವೆ. ನಾವು ಹೋದ ಅಂಗಡಿಯ ಹುಡುಗ ಬೆಲೆ ಕಡಿಮೆಯೆಂದು ಮೊದಲು ಕೈಗಿತ್ತದ್ದು 58 ಗ್ರೇನಿನ ಪೆಟ್ಟಿಗೆಯನ್ನೇ. ಆದುದರಿಂದ ಪೆಟ್ಟಿಗೆಯ ಮೇಲಿನ ಗ್ರೇನ್ ಸಂಖ್ಯೆಯನ್ನೂ ಯಾವ ಪ್ರಾಣಿಗೆ ಎಂಬ ಸೂಚನೆಯನ್ನೂ ಓದದೆ ಹಣ ಕೊಡಬಾರದು.

ಜಿಂಕೆಗೆ ತಕ್ಕವುಗಳಲ್ಲಿ ಮೂರು ಬಗೆಗಳನ್ನು ಬಳಸಿ ನೋಡಿದೆವು. ಮೂತಿಯಲ್ಲಿ ಸೀಸ ಕಾಣುವ 100 ಗ್ರೇನಿನ ಮಾಮೂಲಿ ಮೆದುಮೂತಿಯ ಗುಂಡು ಅಗ್ಗ, ಮಗಳ ರೈಫಲಿನಲ್ಲಿ ನೂರು ಗಜದಲ್ಲಿ ಮೂರು ಗುಂಡುಗಳು ಒಂದು ನಿಂಬೆಹಣ್ಣಿನೊಳಗೆ ಹಿಡಿಸುವಷ್ಟು ಹತ್ತಿರ ಬಿದ್ದವು. ನೋಸ್ಲರ್ ಪಾರ್ಟಿಷನ್ ಎಂಬುದು 1948ರಿಂದ ಮಾರಾಟದಲ್ಲಿರುವ ಹಳೆಯ ವಿನ್ಯಾಸ. ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯಿದ್ದು, ಮುಂದಿನ ಅರ್ಧ ಅರಳಿದರೂ ಹಿಂದಿನ ಅರ್ಧ ಇಡಿಯಾಗಿ ಒಳಗೆ ಸಾಗುತ್ತದೆ. ಸಣ್ಣ ತೋಟೆಯಿಂದ ದೊಡ್ಡ ಕೆಲಸ ತೆಗೆಯಬೇಕಾದಲ್ಲಿ ಇದಕ್ಕೆ ಕೊಟ್ಟ ಹೆಚ್ಚಿನ ಬೆಲೆ ವ್ಯರ್ಥವಲ್ಲ. ಮೂರನೆಯದು ಸೀಸವೇ ಇಲ್ಲದ, ಪೂರ್ತಿ ತಾಮ್ರದ 80ರಿಂದ 85 ಗ್ರೇನಿನ ಗುಂಡು. ತೂಕ ಕಡಿಮೆಯಾದರೂ ಚೂರಾಗದ ಕಾರಣ ಆಳಕ್ಕಿಳಿಯುತ್ತದೆ, ಒದೆತವೂ ಇನ್ನಷ್ಟು ಕಡಿಮೆ, ಮಾಂಸದಲ್ಲಿ ಸೀಸದ ಕಣಗಳು ಸೇರುವ ಭಯವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿರುವುದರಿಂದ ಅಲ್ಲಿರುವವರಿಗೆ ಬೇರೆ ದಾರಿಯೂ ಇಲ್ಲ. ಮಗಳು ಕೊನೆಗೆ ಆರಿಸಿದ್ದು ಇದನ್ನೇ. ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಆ ಮಾಂಸವನ್ನು ಅವರೂ ತಿನ್ನುವುದರಿಂದ ಅದು ಸರಿಯಾದ ಆಯ್ಕೆಯೆಂದೇ ನನ್ನ ಭಾವನೆ.

ಇನ್ನೂರು ಗಜಕ್ಕೆ ದುರ್ಬೀನನ್ನು ಹೊಂದಿಸಿದರೆ ನೂರು ಗಜದಲ್ಲಿ ಗುಂಡು ಸುಮಾರು ಐದು ಸೆಂಟಿಮೀಟರ್ ಮೇಲಕ್ಕೂ ಮುನ್ನೂರು ಗಜದಲ್ಲಿ ಹದಿನೆಂಟು ಸೆಂಟಿಮೀಟರ್ ಕೆಳಕ್ಕೂ ಬೀಳುತ್ತದೆ. ಇನ್ನೂರು ಗಜದ ತನಕ ಏನನ್ನೂ ಲೆಕ್ಕಹಾಕದೆ ನೇರ ಗುರಿಯಿಡಬಹುದೆಂಬುದು ಹೊಸಬರಿಗೆ ದೊಡ್ಡ ಅನುಕೂಲ. ಆದರೆ ಗಂಟೆಗೆ ಹದಿನಾರು ಕಿಲೋಮೀಟರಿನ ಅಡ್ಡಗಾಳಿ ಬೀಸಿದರೆ ಮುನ್ನೂರು ಗಜದಲ್ಲಿ ಈ ಗುಂಡು ಹೆಚ್ಚುಕಡಿಮೆ ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ, ಮತ್ತು ಕೊಲೊರಾಡೊದ ಬಯಲಿನಲ್ಲಿ ಅಂಥ ಗಾಳಿ ಅಪರೂಪವಲ್ಲ. ಇನ್ನೂರೈವತ್ತು ಗಜದಾಚೆಗೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಪ್ರಾಣಿ ಪಕ್ಕಕ್ಕೆ ತಿರುಗಿ ನಿಂತಿರುವಾಗ ಮಾತ್ರ ಹೊಡೆಯಬೇಕು. ಹಿಂಬದಿಯಿಂದ ಓರೆಯಾಗಿ ಹೊಡೆದರೆ ಎದೆಯನ್ನು ಮುಟ್ಟುವಷ್ಟು ತೂಕ ಈ ಗುಂಡಿಗಿಲ್ಲ.

ಇದರ ಎದುರಾಳಿಗಳಲ್ಲಿ ಗಂಭೀರವಾಗಿ ಪರಿಗಣಿಸಬೇಕಾದದ್ದು 6.5 ಕ್ರೀಡ್‌ಮೋರ್. ಹಾರ್ನಡಿ ಕಂಪೆನಿಯ ಈ ತೋಟೆ ಮೊದಲು ಗುರಿ ಸ್ಪರ್ಧೆಗಳಿಗೆಂದು ಹುಟ್ಟಿ ಆಮೇಲೆ ಬೇಟೆಗೆ ಇಳಿಯಿತು. ಗುಂಡು 140 ಗ್ರೇನಿನ ಆಸುಪಾಸಿನದು, ಗಾಳಿಗೆ ಕಡಿಮೆ ಸರಿಯುತ್ತದೆ, ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅಳಿಯನಂಥ ಆರಡಿಯ ಆಳಿಗೆ ಅದೇ ಸರಿ. .257 ರಾಬರ್ಟ್ಸ್, .260 ರೆಮಿಂಗ್ಟನ್ ಎರಡೂ ಒಳ್ಳೆಯವೇ, ಆದರೆ ತೋಟೆಗಳಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಉತ್ಸಾಹ ನಮಗಿರಲಿಲ್ಲ. 1895ರ .30-30 ದಟ್ಟ ಕಾಡಿನಲ್ಲಿ ಇಂದಿಗೂ ಕೆಲಸಕ್ಕೆ ಬರುತ್ತದೆ, ಬಯಲಿಗೆ ಅಲ್ಲ.

ರೈಫಲಿನ ತೂಕದ ವಿಷಯಕ್ಕೆ ಬಂದರೆ, ಬೆಟ್ಟ ಹತ್ತುವವರಿಗೆಂದು ಎರಡೂವರೆ ಕಿಲೋದ ರೈಫಲುಗಳನ್ನು ಈಗ ಬಹಳವಾಗಿ ಜಾಹೀರಾತು ಮಾಡುತ್ತಾರೆ. ಅಷ್ಟು ಹಗುರವಾದದ್ದರಲ್ಲಿ .243ರ ಒದೆತ 17 ಜೂಲಿಗೆ ಏರುತ್ತದೆ, ಅಂದರೆ 3.4 ಕಿಲೋದ ರೈಫಲಿನಲ್ಲಿ 6.5 ಕ್ರೀಡ್‌ಮೋರ್ ಒದೆದಷ್ಟೇ. ಸಣ್ಣ ತೋಟೆ ಆರಿಸಿ ಗಳಿಸಿದ್ದೆಲ್ಲವನ್ನೂ ಹಗುರ ಕೋವಿ ಆರಿಸಿ ಕಳೆದುಕೊಂಡಂತಾಗುತ್ತದೆ. ನಾವು ಕೊಂಡ ರೈಫಲ್ ದುರ್ಬೀನಿಲ್ಲದೆ 2.9 ಕಿಲೋ, ದುರ್ಬೀನು ಮತ್ತು ಹೆಗಲಪಟ್ಟಿ ಸೇರಿ ಮೂರೂವರೆಯ ಹತ್ತಿರ ಬರುತ್ತದೆ. ಹಿಂಬದಿಯ ಉದ್ದವನ್ನು ಮಗಳ ತೋಳಿಗೆ ಹೊಂದುವಂತೆ ಕಿರಿದುಮಾಡಿಸಿ ದಪ್ಪ ರಬ್ಬರಿನ ಪಟ್ಟಿ ಹಾಕಿಸಿದೆವು. ಈ ಸಣ್ಣ ಖರ್ಚಿನಿಂದ ಆದ ಉಪಕಾರ ದೊಡ್ಡದು. ನಳಿಗೆಯ ತುದಿಗೆ ತೂತಿನ ಬ್ರೇಕ್ ಜೋಡಿಸಿದರೆ ಒದೆತ ಇನ್ನೂ ತಗ್ಗುತ್ತದೆಂದು ಅಂಗಡಿಯವರು ಒತ್ತಾಯಿಸಿದರು. ತಗ್ಗುವುದು ನಿಜ, ಆದರೆ ಸದ್ದು ಹಾರಿಸುವವರ ಕಡೆಗೇ ತಿರುಗಿ ಕಿವಿಗೆ ಹಾನಿಯಾಗುತ್ತದೆ, .243ಕ್ಕೆ ಅದರ ಅಗತ್ಯವೂ ಇಲ್ಲ.

ಕೊಲೊರಾಡೊದಲ್ಲಿ 85 ಗ್ರೇನಿನ ಗುಂಡಿದ್ದರೆ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗೂ ಇದೇ ತೋಟೆಯನ್ನು ಬಳಸಲು ಕಾನೂನು ಬಿಡುತ್ತದೆ. ಮುನ್ನೂರು ಕಿಲೋಗೂ ಹೆಚ್ಚು ತೂಗಬಲ್ಲ ಆ ಪ್ರಾಣಿಗೆ .243 ಸಾಲದು. ಮುಂದೆ ಎಲ್ಕಿನ ಪರವಾನಗಿಗೂ ಅರ್ಜಿ ಹಾಕುವ ಆಲೋಚನೆಯಿರುವವರು ಮೊದಲೇ 7 ಮಿಮೀ-08 ರೆಮಿಂಗ್ಟನ್ ಕೊಳ್ಳುವುದು ಲೇಸು; .243ಕ್ಕಿಂತ ಅರ್ಧಪಾಲು ಹೆಚ್ಚು ಒದೆಯುತ್ತದೆಯಾದರೂ .308ಕ್ಕಿಂತ ಮೆದುವಾಗಿದ್ದು, 140 ಗ್ರೇನಿನ ಗಟ್ಟಿ ಗುಂಡಿನೊಂದಿಗೆ ಎರಡಕ್ಕೂ ಆಗುತ್ತದೆ.