ಧಾರಾವಾಹಿ ಬರೆದವರ ಕಡತಗಳು: ಕಾಸರಗೋಡಿನ ಒಂದು ಗ್ರಂಥಾಲಯದ ಹಸ್ತಪ್ರತಿ ವಿಭಾಗ

ಬೆಂಗಳೂರು ದೂರದರ್ಶನಕ್ಕೆ ಧಾರಾವಾಹಿಗಳನ್ನು ಬರೆಯುತ್ತಿದ್ದ ನಮ್ಮ ಸೀಮೆಯ ಲೇಖಕರೊಬ್ಬರ ಕಾಗದಪತ್ರಗಳು, ಅವರ ಮನೆಯವರು ಒಪ್ಪಿಸಿದ ಬಳಿಕ, ಕಾಸರಗೋಡು ಪೇಟೆಯ ಗ್ರಂಥಾಲಯವೊಂದರ ಮಾಳಿಗೆಯಲ್ಲಿ ಓದುಗರಿಗೆ ಸಿಗುತ್ತಿವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಇರುವ ಈ ಊರಿನಲ್ಲಿ ಹಸ್ತಪ್ರತಿ ಎಂದರೆ ತಾಳೆಗರಿ, ಹೆಚ್ಚೆಂದರೆ ಯಕ್ಷಗಾನ ಪ್ರಸಂಗದ ಕೈಬರಹದ ಪುಸ್ತಕ ಎಂಬ ಎಣಿಕೆಯೇ ಇನ್ನೂ ಇರುವಾಗ, ಟಿ.ವಿ. ಚಿತ್ರಕಥೆಯನ್ನೂ ಕಾಪಿಡಬೇಕೆಂದು ಗ್ರಂಥಾಲಯದವರಿಗೆ ತೋಚಿದ್ದು ದೊಡ್ಡ ಮಾತು. ಆಗಿನ ವಿಡಿಯೋ ಟೇಪು ದುಬಾರಿ; ಪ್ರಸಾರ ಮುಗಿದ ಕಾರ್ಯಕ್ರಮವನ್ನು ಅಳಿಸಿ ಅದೇ ಟೇಪಿನಲ್ಲಿ ಬೇರೊಂದನ್ನು ದಾಖಲಿಸುವುದು ಟಿ.ವಿ. ಕೇಂದ್ರಗಳಲ್ಲಿ ಸಾಮಾನ್ಯವಾಗಿದ್ದುದರಿಂದ, ಎಷ್ಟೋ ಧಾರಾವಾಹಿಗಳಿಗೆ ಈಗ ಕಾಗದವೊಂದೇ ಸಾಕ್ಷಿ.

ಕಡತಗಳನ್ನು ಲೇಖಕರು ಕಟ್ಟಿಟ್ಟಿದ್ದ ಕ್ರಮದಲ್ಲಿಯೇ ಉಳಿಸಿಕೊಂಡಿರುವುದು ಇಲ್ಲಿಯ ಅತ್ಯುತ್ತಮ ನಿರ್ಧಾರ. 13 ಕಂತಿಗೆ ಒಂದು ಕಟ್ಟು. ಪ್ರತಿ ಕಂತಿಗೂ ಕೈಬರಹದ ಕರಡು, ತಿದ್ದಿದ ಪ್ರತಿ, ಎಡಗಡೆ ದೃಶ್ಯವೂ ಬಲಗಡೆ ಸಂಭಾಷಣೆಯೂ ಇರುವ ಸ್ಟುಡಿಯೋ ಪ್ರತಿ. ಒಂದು ಕಂತಿನ ಮೊದಲ ಕರಡಿನಲ್ಲಿ ಅಣ್ಣ ತಮ್ಮಂದಿರಿಬ್ಬರು ಚಂದ್ರಗಿರಿ ಹೊಳೆಯನ್ನು ದೋಣಿಯಲ್ಲಿ ದಾಟುತ್ತ ಆಸ್ತಿ ಪಾಲಿನ ಜಗಳವಾಡುತ್ತಾರೆ. ಎರಡನೆಯದರಲ್ಲಿ ದೋಣಿ ದಡದಲ್ಲಿ ಕಟ್ಟಿ ನಿಂತಿದೆ. ಸ್ಟುಡಿಯೋ ಪ್ರತಿಗೆ ಬರುವಷ್ಟರಲ್ಲಿ ಹೊಳೆಯೇ ಇಲ್ಲ, ಜಗಳ ಚಾವಡಿಗೆ ಬಂದಿದೆ. ಹೊರಾಂಗಣ ಚಿತ್ರೀಕರಣಕ್ಕೆ ಹಣವಿಲ್ಲವೆಂಬ ಕೆಂಪು ಶಾಯಿಯ ಟಿಪ್ಪಣಿ ಅಂಚಿನಲ್ಲಿದೆ. ಹಣದ ಅಭಾವದಿಂದ ದೃಶ್ಯ ಕೆಟ್ಟಿತೆಂದು ಹೇಳಲು ನನಗೆ ಮನಸ್ಸಿಲ್ಲ. ದೋಣಿಯಿಂದ ಎದ್ದು ಹೋಗಲಾರದಿದ್ದ ತಮ್ಮ ಚಾವಡಿಯಿಂದ ಮಾತಿನ ನಡುವೆ ಎದ್ದು ನಡೆಯುತ್ತಾನೆ, ಮುಂದಿನ ಕಂತುಗಳ ಕಥೆಯೆಲ್ಲ ಅಲ್ಲಿಂದಲೇ ಬೆಳೆಯುತ್ತದೆ. ಅಚ್ಚಾದ ಒಂದೇ ಪ್ರತಿಯನ್ನು ಓದಿದವರಿಗೆ ಇದು ಕಾಣುವಂತಿಲ್ಲ. ನಾಟಕ ಬರೆಯುವ ಹುಡುಗರು ಈ ಮೂರು ಪ್ರತಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದಬೇಕು.

ಬೇಕಾದ ಕಟ್ಟನ್ನು ಹುಡುಕುವುದು ಮಾತ್ರ ತ್ರಾಸದ ಕೆಲಸ. ಕಂಪ್ಯೂಟರಿನ ಪಟ್ಟಿಯಲ್ಲಿ ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದು ಕಡೆ ಒಂದೊಂದು ರೀತಿಯಲ್ಲಿ ತುಂಬಿಸಿರುವುದರಿಂದ, ಕಪಾಟಿನಲ್ಲಿ ಇರುವ ಕಟ್ಟೂ ಇಲ್ಲವೆಂದೇ ಉತ್ತರ ಬರುತ್ತದೆ. ಸಿಬ್ಬಂದಿಯೊಬ್ಬರು ಕೈಯಲ್ಲಿ ಬರೆದಿಟ್ಟಿರುವ ಕನ್ನಡ ರಿಜಿಸ್ಟರನ್ನು ಕೇಳಿ ಪಡೆಯಿರಿ, ಅದು ನಂಬಲರ್ಹ. ಕನ್ನಡಿಗರು ಇಷ್ಟೊಂದು ಸಂಖ್ಯೆಯಲ್ಲಿರುವ ಜಿಲ್ಲೆಯಲ್ಲಿ ಆ ರಿಜಿಸ್ಟರನ್ನೇ ಕಂಪ್ಯೂಟರಿಗೆ ಏರಿಸಲು ಏನು ಅಡ್ಡಿ ಎಂಬುದು ನನಗೆ ಅರ್ಥವಾಗಿಲ್ಲ.

ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಕಾಗದ ಉಳಿಸುವುದು ಸುಲಭವಲ್ಲ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ತೆಗೆದು ಹತ್ತಿಯ ದಾರ ಕಟ್ಟಿದ್ದಾರೆ, ಒಳ್ಳೆಯದಾಯಿತು. ಆದರೆ ನಿರ್ಮಾಪಕರಿಂದ ಬಂದ ಫ್ಯಾಕ್ಸ್ ಹಾಳೆಗಳು ಶಾಖಕ್ಕೆ ಮೂಡುವ ಅಕ್ಷರದವು. ಅವುಗಳಲ್ಲಿ ಕೆಲವು ಈಗಾಗಲೇ ಮಾಸಿ ಬೆಳ್ಳಗಾಗಿವೆ, ಉಳಿದವನ್ನು ಕೂಡಲೇ ಜೆರಾಕ್ಸ್ ಮಾಡಿಸದಿದ್ದರೆ ಪತ್ರವ್ಯವಹಾರದ ಅರ್ಧಭಾಗ ಕೈಬಿಟ್ಟಂತೆಯೇ. ಕೊನೆಯ ಕಾಲದ ಬರಹಗಳಿರುವ ಫ್ಲಾಪಿಗಳನ್ನು ಓದುವ ಯಂತ್ರ ಇಲ್ಲಿಲ್ಲ. ಯಂತ್ರ ಸಿಕ್ಕರೂ, ಯುನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಬೆರಳಚ್ಚಾಗಿರುವ ಆ ಕಡತಗಳನ್ನು ಪರಿವರ್ತಿಸದೆ ಓದಲಾಗದು.

ಓದುವ ಕೋಣೆ ಶಾಂತವಾಗಿದೆ, ಬೆಳಕು ಸಾಕಷ್ಟಿದೆ. ಒಮ್ಮೆಗೆ ಒಂದೇ ಕಟ್ಟು ಕೊಡುತ್ತಾರೆ, ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಒಯ್ಯಬೇಕು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುವುದರಿಂದ ಇಡೀ ಕಂತಿನ ನಕಲು ಸಿಗದು. ಟಿಪ್ಪಣಿಗಾಗಿ ಕೆಲವು ಪುಟಗಳ ಫೋಟೋ ತೆಗೆಯಲು ಅರ್ಜಿ ಕೊಟ್ಟರೆ ಆ ದಿನವೇ ಒಪ್ಪಿಗೆ ಕೊಡುತ್ತಾರೆ. ದೂರದಿಂದ ಬರುವವರು ಹೊರಡುವ ಮುನ್ನ ಫೋನ್ ಮಾಡಿ, ರಿಜಿಸ್ಟರ್ ನೋಡಿಕೊಳ್ಳುವ ಸಿಬ್ಬಂದಿ ರಜೆಯಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಮೇಲು.