ಹಳೇ ಗಾಡಿಯ ಮೀಟರ್ ಬಿಚ್ಚಿ ಕೊಡುವ ಮುಂಚೆ ಇದನ್ನು ಓದಿ

ಮೈಸೂರು, ಮಂಡ್ಯ ಕಡೆ ಹಳೇ ಜೀಪು, ಹಳೇ ಪಿಕಪ್, ಹಳೇ ಲಾರಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ಪೀಡೋಮೀಟರ್ ನಿಂತುಹೋಯಿತು ಅಂತ ಅದರ ಹೆಡ್ಡನ್ನೇ, ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಕೂತಿರುವ ಮೀಟರಿನ ಡಬ್ಬಿಯನ್ನೇ, ಬಿಚ್ಚಿ ಯಾರ ಕೈಗೂ ಕೊಡಬೇಡಿ. ಮೊದಲು ಕೇಬಲ್ ನೋಡಿ. ಇನ್ನೊಂದು ಸಲ ಹೇಳುತ್ತೇನೆ, ಮೊದಲು ಕೇಬಲ್. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮೈಸೂರಿನ ಒಂದು ಮೀಟರ್ ಅಂಗಡಿಯವರು ನನ್ನಿಂದ 9,500 ರೂಪಾಯಿ ಕಿತ್ತುಕೊಂಡರು. ದುಡ್ಡು ಹೋದರೆ ಹೋಗಲಿ ಅನ್ನಬಹುದಿತ್ತು. ತಾತನ ಕಾಲದ ಮೀಟರೇ ಹೋಯಿತು. ಅದರ ಜಾಗದಲ್ಲಿ ಈಗ ಯಾವುದೋ ಗಾಡಿಯ ಮೀಟರು ಕೂತಿದೆ, ನಮ್ಮ ಮೀಟರಿನ ಮುಖ ಹಾಕಿಕೊಂಡು!

ಗಾಡಿ 1951ರ ಶೆವರ್ಲೆ 3100 ಪಿಕಪ್. ಅಮೆರಿಕದ ಗಾಡಿ ಪಾಂಡವಪುರದ ಪಕ್ಕದ ಹಳ್ಳಿಗೆ ಹೇಗೆ ಬಂತು ಅಂತ ನೋಡಿದವರೆಲ್ಲ ಕೇಳುತ್ತಾರೆ. ಜನರಲ್ ಮೋಟಾರ್ಸ್‌ನವರು 1928ರಿಂದ ಬೊಂಬಾಯಿಯಲ್ಲೇ ಗಾಡಿ ಜೋಡಿಸುತ್ತಿದ್ದರು, 1954ರಲ್ಲಿ ಬಾಗಿಲು ಹಾಕಿಕೊಂಡರು. ಆ ಕಾಲದ್ದು. ತಾತ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಆಲೆಮನೆಯಿಂದ ಮಂಡ್ಯಕ್ಕೆ ಬೆಲ್ಲ ಹೊಡೆಯುತ್ತಿದ್ದರು. ಈಗ ಮದುವೆ, ಹಬ್ಬ, ಭಾನುವಾರದ ಸುತ್ತಾಟಕ್ಕೆ ಮಾತ್ರ ಆಚೆ ಬರುತ್ತದೆ. ಆರು ಸಿಲಿಂಡರ್ ಎಂಜಿನ್, ಆರು ವೋಲ್ಟ್ ಬ್ಯಾಟರಿ, ಮೈಲಿಯಲ್ಲಿ ತೋರಿಸುವ ಮೀಟರು. ಈ ಮೈಲಿ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಕತೆ ಇರುವುದೇ ಅಲ್ಲಿ.

ಮೊದಲು ಮುಳ್ಳು ನಡುಗಲು ಶುರುವಾಯಿತು. ನಿಧಾನಕ್ಕೆ ಹೋಗುವಾಗ ಹತ್ತಕ್ಕೂ ಮೂವತ್ತಕ್ಕೂ ನಡುವೆ ಒದ್ದಾಡುತ್ತಿತ್ತು. ಡ್ಯಾಶ್‌ಬೋರ್ಡ್ ಹಿಂದಿನಿಂದ ಟಿಕ್ ಟಿಕ್ ಸದ್ದು. ಆಮೇಲೆ ಒಂದು ದಿನ ಸದ್ದೂ ನಿಂತಿತು, ಮುಳ್ಳು ಸೊನ್ನೆಗೆ ಬಿತ್ತು, ಮತ್ತೆ ಏಳಲಿಲ್ಲ. ಕೆಳಗೆ ಓಡಿದ ದೂರ ತೋರಿಸುವ ಅಂಕಿಗಳೂ ಅಲ್ಲೇ ನಿಂತವು. 61,874. ಮಗಳು ಅದರ ಫೋಟೋ ತೆಗೆದಿದ್ದಳು, ಸುಮ್ನೆ ತಮಾಷೆಗೆ.

ಎರಡೂ ಒಟ್ಟಿಗೆ ನಿಂತವು. ಇದು ತುಂಬ ಮುಖ್ಯ. ಈ ಮೀಟರಿನ ಕೆಲಸ ಬಹಳ ಸರಳ. ಗೇರ್‌ಬಾಕ್ಸ್ ಹಿಂಭಾಗದಲ್ಲಿ ಒಂದು ಸಣ್ಣ ಗೇರು ಇರುತ್ತದೆ, ಅದು ಕೇಬಲಿನ ಒಳಗಿನ ತಂತಿಯನ್ನು ತಿರುಗಿಸುತ್ತದೆ. ತಂತಿ ಮೇಲೆ ಬಂದು ಹೆಡ್ ಒಳಗಿನ ಮ್ಯಾಗ್ನೆಟ್ಟನ್ನು ತಿರುಗಿಸುತ್ತದೆ. ಮ್ಯಾಗ್ನೆಟ್ ಸುತ್ತ ಅಲ್ಯೂಮಿನಿಯಂ ಬಟ್ಟಲು. ಒಂದಕ್ಕೊಂದು ತಾಗುವುದೇ ಇಲ್ಲ. ಮ್ಯಾಗ್ನೆಟ್ ತಿರುಗಿದಾಗ ಬಟ್ಟಲಿನಲ್ಲಿ ಕರೆಂಟ್ ಹುಟ್ಟಿ ಅದನ್ನು ಎಳೆಯುತ್ತದೆ, ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ತಡೆಯುತ್ತದೆ, ಮುಳ್ಳು ನಡುವೆ ನಿಲ್ಲುತ್ತದೆ. ಕೆಳಗಿನ ಅಂಕಿಗಳು ಮಾತ್ರ ಅದೇ ತಂತಿಯಿಂದ ನೇರವಾಗಿ ಗೇರ್ ಮೇಲೆ ಓಡುತ್ತವೆ. ಹಾಗಾಗಿ ಅಂಕಿ ಓಡುತ್ತಾ ಮುಳ್ಳು ಮಾತ್ರ ಸತ್ತಿದ್ದರೆ ತೊಂದರೆ ಹೆಡ್‌ನಲ್ಲಿ. ಎರಡೂ ಒಟ್ಟಿಗೆ ಸತ್ತರೆ ಮೊದಲ ಅನುಮಾನ ಕೇಬಲ್ ಮೇಲೆ, ಆಮೇಲೆ ಗೇರ್‌ಬಾಕ್ಸ್ ಹತ್ತಿರದ ಗೇರ್ ಮೇಲೆ. ಇಷ್ಟು ಮೀಟರ್ ರಿಪೇರಿ ಮಾಡುವವನಿಗೆ ಗೊತ್ತಿರಲೇಬೇಕು. ಗೊತ್ತಿತ್ತು ಕೂಡ. ಚೆನ್ನಾಗಿಯೇ ಗೊತ್ತಿತ್ತು.

ನಮ್ಮೂರ ಮೆಕ್ಯಾನಿಕ್ "ಮೀಟರ್ ಕೆಲಸ ನಮ್ಮದಲ್ಲ ಅಣ್ಣಾ, ಮೈಸೂರಿಗೆ ತಗೊಂಡೋಗಿ" ಅಂದ. ಮೈಸೂರಿನಲ್ಲಿ ಒಂದು ಅಂಗಡಿಗೆ ಹೋದೆ. ಹೆಸರು ಬರೆಯುವುದಿಲ್ಲ, ಬರೆದರೆ ಇನ್ನೊಂದು ರಗಳೆ. ಗಾಡಿಯಿಂದ ಇಳಿಯುವುದರೊಳಗೆ ಅಂಗಡಿಯವರು ಬಾನೆಟ್ ಸವರುತ್ತಾ ನಿಂತಿದ್ದರು. "ಅಬ್ಬಾ, ಶೆವರ್ಲೆ! ಎಷ್ಟು ಕಾಲ ಆಯ್ತು ಸಾರ್ ಇದನ್ನ ನೋಡಿ. ನಮ್ಮ ಮೇಷ್ಟ್ರು ಇಂಥದ್ದರ ಮೇಲೇ ನನಗೆ ಕೆಲಸ ಕಲಿಸಿದ್ದು." ಟೀ ತರಿಸಿದರು. ಯಾರಿಗೆ ಖುಷಿಯಾಗಲ್ಲ ಹೇಳಿ?

ಡ್ಯಾಶ್ ಕೆಳಗೆ ಕೈ ಹಾಕಿ ಕೇಬಲಿನ ನಟ್ ಬಿಚ್ಚಿದರು, ಒಮ್ಮೆ ಇಣುಕಿದರು. "ಹೆಡ್ ಹೋಗಿದೆ ಸಾರ್."

"ಕೇಬಲ್ ಏನಾದ್ರೂ ಕಟ್ ಆಗಿರಬಹುದಾ?" ಅಂದೆ.

"ಕೇಬಲ್ ಗಟ್ಟಿ ಇದೆ ಸಾರ್, ಅದರ ತಂಟೆಗೇ ಹೋಗೋದು ಬೇಡ. ಮ್ಯಾಗ್ನೆಟ್ ಪವರ್ ಹೋಗಿದೆ. ಹೆಡ್ ಬಿಟ್ಟು ಹೋಗಿ, ಒರಿಜಿನಲ್ಲೇ ಕೂತ್ಕೊಂಡು ಸರಿ ಮಾಡಿ ಕೊಡ್ತೀನಿ."

ಮ್ಯಾಗ್ನೆಟ್ ಪವರ್ ಹೋದರೆ ಮುಳ್ಳು ಕಡಿಮೆ ತೋರಿಸಬೇಕು, ಅಷ್ಟೇ. ಅಂಕಿಗಳು ಯಾಕೆ ನಿಲ್ಲಬೇಕು? ಅಂಕಿಗಳಿಗೂ ಮ್ಯಾಗ್ನೆಟ್ಟಿನ ಪವರ್‌ಗೂ ಸಂಬಂಧವೇ ಇಲ್ಲ. ಮೊದಲ ಸುಳ್ಳು ಇದು. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಡ್ಯಾಶ್‌ನಲ್ಲಿ ತೂತು ಇಟ್ಟುಕೊಂಡು ಊರಿಗೆ ಬಂದೆ. ಫೋನ್ ಮಾಡಿದಾಗೆಲ್ಲ "ಕೆಲಸ ನಡೀತಾ ಇದೆ ಸಾರ್, ನಾಜೂಕಿನ ಕೆಲಸ, ಅರ್ಜೆಂಟ್ ಮಾಡಬೇಡಿ." ಕೊನೆಗೆ ಬನ್ನಿ ಅಂದರು. ನನ್ನನ್ನು ಟೀ ಕುಡಿಸಿ ಮಾತಿಗೆ ಎಳೆದು, ಹುಡುಗನೊಬ್ಬನನ್ನು ಗಾಡಿ ಕೆಳಗೆ ಬಿಟ್ಟರು. ಹುಡುಗ ಎಣ್ಣೆ ಡಬ್ಬಿ ಹಿಡಿದು ಓಡಾಡುವುದು ಕಂಡಿತು. ರಸ್ತೆಗೆ ಬಿಟ್ಟು ನೋಡಿದೆವು. ಮುಳ್ಳು ಎದ್ದಿತು, ಅಂಕಿಗಳು ಓಡಿದವು. 61,874ರಿಂದಲೇ ಮುಂದಕ್ಕೆ. ಡಯಲ್ ನಮ್ಮದೇ, ಐವತ್ತರ ಪಕ್ಕದ ಹಳೇ ಗೀರು ಹಾಗೇ ಇದೆ. "9,500 ಕೊಡಿ ಸಾರ್, ಬೇರೆಯವರಾಗಿದ್ರೆ ಹದಿನೈದು ಹೇಳ್ತಿದ್ದೆ. ಫೋನ್‌ನಲ್ಲಿ ಹಾಕಬೇಡಿ, ಕ್ಯಾಶ್ ಇದ್ರೆ ನೋಡಿ." ಬಿಲ್ ಕೇಳಿದ್ದಕ್ಕೆ ತಮ್ಮ ವಿಸಿಟಿಂಗ್ ಕಾರ್ಡಿನ ಹಿಂದೆ "ಮೀಟರ್ ಕೆಲಸ" ಅಂತ ಬರೆದು ಕೊಟ್ಟರು. ಮೀಟರ್ ಕೆಲಸ. ರೇಟೂ ಇಲ್ಲ, ತಾರೀಖೂ ಇಲ್ಲ.

ಮೋಸ ಹಿಡಿದವರು ನಮ್ಮ ದೊಡ್ಡಪ್ಪ. ಜೀವನಪೂರ್ತಿ ಲಾರಿ ಓಡಿಸಿದವರು. ಮನೆಯವರೆಲ್ಲ ಮೇಲುಕೋಟೆಗೆ ಹೊರಟಿದ್ದೆವು. ನಾನು ಹೆಮ್ಮೆಯಿಂದ ಮೀಟರು ತೋರಿಸುತ್ತಾ ಇದ್ದೆ. ಜಕ್ಕನಹಳ್ಳಿ ದಾಟುವ ಹೊತ್ತಿಗೆ ದೊಡ್ಡಪ್ಪ ಒಮ್ಮೆ ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲು ನೋಡುತ್ತಾರೆ, ಒಮ್ಮೆ ಅಂಕಿ ನೋಡುತ್ತಾರೆ.

"ಲೇ, ಇದು ಮೈಲಿ ಮೀಟ್ರಲ್ವೇನ್ಲಾ?"

"ಹೌದು ದೊಡ್ಡಪ್ಪಾ, ಡಯಲ್ ಮೇಲೆ ಬರೆದೈತಲ್ಲ."

"ಮತ್ತೆ ಕಲ್ಲಿಗೊಂದು ತಿರುಗ್ತಾ ಅದೆ? ಮೈಲಿ ಅಂದ್ರೆ ಒಂದೂವರೆ ಕಲ್ಲು ದಾಟ್ಬೇಕು."

ಮಗಳು ಹಿಂದಿನಿಂದ ಮೊಬೈಲ್ ತೆಗೆದು ವೇಗ ನೋಡಿದಳು. ಮೊಬೈಲ್‌ನಲ್ಲಿ ಗಂಟೆಗೆ 40 ಕಿಲೋಮೀಟರ್. ಮುಳ್ಳು 40ರ ಮೇಲೆ. ಆದರೆ ಡಯಲ್ ಮೈಲಿಯದ್ದು! 40 ಮೈಲಿ ಅಂದರೆ 64 ಕಿಲೋಮೀಟರ್ ಆಗಬೇಕು. ನಮ್ಮ ಮೀಟರ್ ಆಗಿದ್ದರೆ ಮುಳ್ಳು 25ರ ಹತ್ತಿರ ನಿಲ್ಲಬೇಕಿತ್ತು. ಅಂದರೆ ಒಳಗಿರುವುದು ಕಿಲೋಮೀಟರ್ ಮೀಟರು. ಮೇಲೆ ನಮ್ಮ ಮೈಲಿ ಡಯಲ್ ಕಿತ್ತು ಅಂಟಿಸಿದ್ದಾರೆ. ದೊಡ್ಡಪ್ಪ ನಕ್ಕರು ನೋಡಿ, ಗಾಡಿ ಪೂರ್ತಿ ನಕ್ಕಿತು. ಭಾವಮೈದನಂತೂ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದ. ಆವತ್ತು ಮೇಲುಕೋಟೆ ಪುಳಿಯೋಗರೆಯೂ ಗಂಟಲಲ್ಲಿ ಇಳಿಯಲಿಲ್ಲ.

ಆದರೂ ಅನುಮಾನಕ್ಕೆ ಜಾಗ ಬೇಡ ಅಂತ ಮಂಡ್ಯದಲ್ಲಿ ಲೇತ್ (ಬೇಕಾದ ವೇಗದಲ್ಲಿ ತಿರುಗಿಸುವ ಯಂತ್ರ) ಇಟ್ಟುಕೊಂಡಿರುವ ಗೆಳೆಯನ ಹತ್ತಿರ ಹೆಡ್ ಬಿಚ್ಚಿಕೊಂಡು ಹೋದೆ. ಈ ಅಮೆರಿಕದ ಗಾಡಿಗಳಲ್ಲಿ ಒಂದು ಮೈಲಿಗೆ ಕೇಬಲ್ 1000 ಸುತ್ತು ಸುತ್ತುತ್ತದೆ. ಅಂದರೆ ನಿಮಿಷಕ್ಕೆ 1000 ಸುತ್ತು ಕೊಟ್ಟರೆ ಮುಳ್ಳು 60 ತೋರಿಸಬೇಕು, 500 ಕೊಟ್ಟರೆ 30. ತಿರುಗುವ ದಿಕ್ಕು ನೋಡಿಕೊಂಡು 500 ಕೊಟ್ಟೆವು. ಮುಳ್ಳು ಹೋಗಿ 48ರಲ್ಲಿ ನಿಂತಿತು. 30 ಮೈಲಿ ಅಂದರೆ 48 ಕಿಲೋಮೀಟರ್. ಇನ್ನೇನು ಬೇಕು? ಹೆಡ್ ಹಿಂದೆ ತಿರುಗಿಸಿ ನೋಡಿದೆ. ತಾತ ಮೊಳೆಯಿಂದ ಕೊರೆದಿದ್ದ "ಬೆ" ಅಕ್ಷರ ಇಲ್ಲ. ಬೆಲ್ಲದ ಗಾಡಿ ಅಂತ ಅವರು ಎಲ್ಲದರ ಮೇಲೂ ಬೆ ಕೊರೆಯುತ್ತಿದ್ದರು, ಜಾಕಿ ಮೇಲೂ ಇದೆ, ಸ್ಪ್ಯಾನರ್ ಮೇಲೂ ಇದೆ.

ಈಗ ಅಂಗಡಿಯವನ ಉತ್ತರಗಳನ್ನು ಕೇಳಿ. (ಇಷ್ಟು ಹೊತ್ತು ಅವರು ಅಂತ ಬರೆದೆ, ಇನ್ನು ಸಾಧ್ಯವಿಲ್ಲ.)

ಫೋನ್‌ನಲ್ಲಿ: "ಹಳೇ ಗಾಡಿ ಸಾರ್, ಸ್ವಲ್ಪ ಆಚೆ ಈಚೆ ಇರುತ್ತೆ. ಮೀಟರ್ ನೋಡ್ಕೊಂಡು ಯಾರು ಸಾರ್ ಓಡಿಸ್ತಾರೆ?"

ಹಾಗಾದರೆ ನಾನು ನಿನ್ನ ಹತ್ತಿರ ಯಾಕಪ್ಪಾ ಬಂದೆ?

ಎದುರಿಗೆ ಹೋದಾಗ: "ಟೈರ್ ಸೈಜ್ ಚೇಂಜ್ ಆಗಿದೆ ಸಾರ್, ಅದಕ್ಕೇ ಜಾಸ್ತಿ ತೋರಿಸ್ತಿದೆ." ಟೈರ್ ಬದಲಾದರೆ ಮೀಟರ್ ತಪ್ಪುವುದು ನಿಜ. ಆದರೆ ಇಷ್ಟೊಂದು ಜಾಸ್ತಿ ತೋರಿಸಬೇಕಾದರೆ ನಮ್ಮ ಪಿಕಪ್ಪಿಗೆ ಸ್ಕೂಟರ್ ಚಕ್ರ ಹಾಕಿರಬೇಕು. ಲೇತ್ ಮೇಲೆ ಟೈರ್ ಎಲ್ಲಿಂದ ಬಂತು ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ.

ಆಮೇಲೆ ಹೇಳಿದ ಮಾತು ನನ್ನನ್ನು ಈಗಲೂ ರಾತ್ರಿ ಎಬ್ಬಿಸುತ್ತದೆ. "ಸಾರ್, ನಂಬರ್ ನೋಡಿ. ನೀವು ತಂದಾಗ 61,874 ಇತ್ತು. ಕೊಟ್ಟಾಗಲೂ ಅದೇ ಇತ್ತು. ಬೇರೆ ಮೀಟರ್ ಆಗಿದ್ರೆ ಅದೇ ನಂಬರ್ ಎಲ್ಲಿಂದ ಬರುತ್ತೆ?" ಆ ಕ್ಷಣಕ್ಕೆ ನನಗೆ ಎಲ್ಲ ಹೊಳೆಯಿತು. ಇನ್ನೊಂದು ಮೀಟರಿನ ಅಂಕಿಗಳನ್ನು ಒಂದೊಂದಾಗಿ ತಿರುಗಿಸಿ, ನಮ್ಮ ನಂಬರಿಗೆ ತಂದು ಕೂರಿಸಿದ್ದಾನೆ. ನಾನು ಕೇಳುತ್ತೇನೆ ಅಂತ ಮೊದಲೇ ಗೊತ್ತಿದ್ದು, ಕೇಳಿದರೆ ಹೇಳುವುದಕ್ಕೆ ಅಂತಲೇ. ಇದು ಅವಸರದಲ್ಲಿ ಆದ ತಪ್ಪಲ್ಲ. ನಾಜೂಕಿನ ಕೆಲಸ ಅಂದನಲ್ಲ, ಅದು ಈ ಕೆಲಸ.

ತಾತನ ಅಕ್ಷರ ಎಲ್ಲಿ ಅಂದೆ. ಆಗ ದಾರಿಗೆ ಬಂದ. "ಒಳಗಿನ ಮೆಷಿನ್ ಬದಲಾಯಿಸ್ತೀನಿ ಅಂತ ಹೇಳಿದ್ದೆನಲ್ಲ ಸಾರ್." ಯಾವಾಗ ಹೇಳಿದ್ದು? "ಹೇಳಿದ್ದೆ ಸಾರ್, ನೀವು ಮರೆತಿದ್ದೀರ." ಸರಿ, ಹಳೇದು ಕೊಡು. "ಗುಜರಿಗೆ ಹೋಯ್ತು ಸಾರ್."

ಗುಜರಿಗೆ! ಯಾರು ನಂಬುತ್ತಾರೆ? 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳ ನೋಂದಣಿಗೆ ನಿಯಮ ಮಾಡಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಆಮೇಲೆ ಹಳೇ ಒರಿಜಿನಲ್ ಸಾಮಾನಿಗೆ ಬಾಯಿ ಬಿಡುವವರು ಎಷ್ಟು ಜನ ಅಂತ ಈ ಹುಚ್ಚು ಇರುವವರಿಗೆಲ್ಲ ಗೊತ್ತು. ನನ್ನ ಲೆಕ್ಕದಲ್ಲಿ ಅದು ಈಗ ಯಾರದೋ ಗಾಡಿಯ ಡ್ಯಾಶ್‌ನಲ್ಲಿದೆ, ಇಲ್ಲ ಅವನ ಬೀರುವಿನಲ್ಲಿದೆ.

ನಿಜವಾದ ತೊಂದರೆ ಏನಿತ್ತು ಗೊತ್ತಾ? ಪಿಕಪ್ಪಿನ ಹಿಂದೆ ಗೋಣಿಚೀಲದ ಕೆಳಗೆ ನಮ್ಮ ಹಳೇ ಕೇಬಲ್ ಸಿಕ್ಕಿತು. ಹುಡುಗ ಹೊಸ ಕೇಬಲ್ ಹಾಕಿ ಹಳೇದನ್ನು ಅಲ್ಲೇ ಎಸೆದಿದ್ದ, ಪಾಪ, ಅವನಿಗೆ ಯಜಮಾನನ ಪ್ಲಾನ್ ಗೊತ್ತಿರಲಿಲ್ಲ ಅನ್ನಿಸುತ್ತೆ. ಮೇಲಿನಿಂದ ಒಳತಂತಿ ಎಳೆದೆ. ಅರ್ಧ ಮಾತ್ರ ಬಂತು. ಉಳಿದರ್ಧ ಕೆಳಗಿನ ತುದಿಯಲ್ಲಿ ಸಿಕ್ಕಿಕೊಂಡಿತ್ತು, ಎಳೆ ಎಳೆಯಾಗಿ ಬಿಚ್ಚಿ ತುಂಡಾಗಿತ್ತು. ಮುಳ್ಳಿನ ನಡುಕ, ಟಿಕ್ ಟಿಕ್ ಸದ್ದು, ಎಲ್ಲ ಅದರದ್ದೇ. ಕೇಬಲ್ ಗಟ್ಟಿ ಇದೆ ಅಂದಿದ್ದನಲ್ಲ, ಅದೇ ಕೇಬಲ್. ನಮ್ಮ ಹೆಡ್ ಸರಿಯಾಗೇ ಇತ್ತು. ಅದಕ್ಕೆ ಏನೂ ಆಗಿರಲಿಲ್ಲ.

ಇದರ ಮೇಲೆ ಇನ್ನೊಂದು ಪ್ರಸಾದ. ಹುಡುಗ ಕೇಬಲ್ ಒಳಗೆ ಎಂಜಿನ್ ಆಯಿಲ್ ಸುರಿದಿದ್ದ. ತಿರುಗುವ ತಂತಿ ಬಾವಿಯಿಂದ ನೀರು ಸೇದಿದ ಹಾಗೆ ಎಣ್ಣೆಯನ್ನು ಹೆಡ್ ಒಳಗೆ ಏರಿಸುತ್ತದೆ. ಎಣ್ಣೆ ಬಟ್ಟಲಿಗೂ ಮ್ಯಾಗ್ನೆಟ್ಟಿಗೂ ನಡುವೆ ಸೇರಿದರೆ ಮುಳ್ಳು ಹುಚ್ಚುಚ್ಚಾಗಿ ಮೇಲೆ ಏರುತ್ತದೆ. ಈಗ ಗಾಡಿ ಮನೆ ಮುಂದೆ ನಿಂತಿದ್ದರೂ ಮುಳ್ಳು ಸೊನ್ನೆಗೆ ಬರುವುದಿಲ್ಲ. ಕೇಬಲಿಗೆ ತೆಳ್ಳಗೆ ಗ್ರಾಫೈಟ್ ಗ್ರೀಸ್ ಸವರಬೇಕು, ಮೇಲಿನ ತುದಿಯ ಒಂದು ಗೇಣು ಒಣಗಿಯೇ ಇರಬೇಕು.

ಮೀಟರ್ ನಿಂತರೆ ಹೆಡ್ ಹಿಂದಿನ ನಟ್ ಕೈಯಲ್ಲೇ ಬಿಚ್ಚಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಇಬ್ಬರಿಂದ ಗಾಡಿ ತಳ್ಳಿಸಿ. ತಂತಿಯ ತುದಿ ತಿರುಗುತ್ತಿಲ್ಲ ಅಂದರೆ ಹೆಡ್ ಮುಟ್ಟಬೇಡಿ, ಮುಟ್ಟಲೂ ಬಿಡಬೇಡಿ. ಹೆಡ್ ಕೊಡಲೇಬೇಕಾದರೆ ಮುಂದಿನದಲ್ಲ, ಹಿಂದಿನ ಫೋಟೋ ತೆಗೆದುಕೊಳ್ಳಿ, ಅವನೆದುರಿಗೇ ಒಂದು ಗುರುತು ಕೊರೆಯಿರಿ. ಬಿಲ್ ಇಲ್ಲದೆ ಒಂದು ಪೈಸೆ ಕೊಡಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು, ನಾನೂ ಹೇಳುತ್ತೇನೆ. ಆದರೆ ನನ್ನ ಕೈಯಲ್ಲಿರುವುದು "ಮೀಟರ್ ಕೆಲಸ" ಅಂತ ಬರೆದ ಕಾರ್ಡು. ಟೀ ಕುಡಿಸುವವರನ್ನಂತೂ ನಾನು ಇನ್ನು ಈ ಜನ್ಮದಲ್ಲಿ ನಂಬುವುದಿಲ್ಲ.

ಗುಜರಿ ಅಂಗಡಿಯಲ್ಲೋ, ಯಾರಾದರೂ ಮಾರಲು ತಂದಾಗಲೋ, ಹಿಂದೆ ಕೈಯಲ್ಲಿ ಕೊರೆದ "ಬೆ" ಇರುವ ಹಳೇ ಶೆವರ್ಲೆ ಮೀಟರ್ ಕಣ್ಣಿಗೆ ಬಿದ್ದರೆ ತಿಳಿಸಿ. ಮುಂದೆ ಬೇರೆ ಯಾವ ಡಯಲ್ ಇದ್ದರೂ ಪರವಾಗಿಲ್ಲ, ಡಯಲ್ ನನ್ನ ಹತ್ತಿರ ಇದೆ. ಕೇಳಿದಷ್ಟು ದುಡ್ಡು ಕೊಟ್ಟು ತಗೊಂಡು ಬರುತ್ತೇನೆ.